ಹತ್ತು ಟ್ಯೂಬು ನಾರ್ಮಲ್

ವತ್ಸಲಾ ಮುನವಳ್ಳಿಗೆ ಮನೆಯಲ್ಲಿ ಒಂದು ಹೆಸರಿದ್ದರೆ ಲ್ಯಾಬಿನಲ್ಲಿ ಇನ್ನೊಂದಿತ್ತು. ಲ್ಯಾಬಿನಲ್ಲಿ ಅವಳು ನಾರ್ಮಲ್ ಬಾಯಾರು. ಇದನ್ನು ಅಡ್ಡಹೆಸರು ಅಂತ ತಿಳಿಯಬೇಡಿ, ಇದು ಬಿರುದು. ಧಾರವಾಡದ ನರರಕ್ಷಾ ಸಂಶೋಧನ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಟೆಕ್ನಿಶಿಯನ್ ಆಗಿ ಸವೆದ ಹೆಂಗಸಿಗೆ ಯಾವ ಸರ್ಕಾರವೂ ಶಾಲು ಹೊದಿಸಲಿಲ್ಲ. ಜೊತೆಯವರು ಕೊಟ್ಟ ಈ ಒಂದು ಹೆಸರನ್ನು ಅವಳು ಶಾಲಿನಂತೆಯೇ ಹೊದ್ದು ಓಡಾಡುತ್ತಿದ್ದಳು.

ಆ ಕೇಂದ್ರದವರು ಹೆಣಗುತ್ತಿದ್ದ ರೋಗ ಇಂಥದ್ದು. ನಮ್ಮನ್ನು ಕಾಯಬೇಕಾದ ರಕ್ತದ ಕಾವಲುಗಾರರು ಒಂದು ದಿನ ತಲೆಕೆಟ್ಟು ನಮ್ಮ ನರಗಳ ಮೇಲೆಯೇ ಬೀಳುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕರೆಂಟಿನ ವೈರಿನ ಪ್ಲಾಸ್ಟಿಕ್ ಸುಲಿದ ಹಾಗೆ ನರದ ಮೇಲಿನ ಹೊದಿಕೆ ಸುಲಿದುಹೋಗುತ್ತದೆ. ಕಣ್ಣಿನ ನರಕ್ಕೆ ಬಿದ್ದರೆ ಕಣ್ಣು ಹೋಯಿತು, ಬೆನ್ನುಹುರಿಗೆ ಬಿದ್ದರೆ ಕಾಲು. ಬಂದು ಹೋಯಿತಲ್ಲ ಅಂತ ನಿಟ್ಟುಸಿರು ಬಿಡುವ ಹಾಗೂ ಇಲ್ಲ, ಮತ್ತೆ ಯಾವಾಗ ಬರುತ್ತದೋ ಹೇಳಿಬರುವ ನೆಂಟನಲ್ಲ ಅದು.

ಅದನ್ನು ಹೇಳಿಬರುವ ನೆಂಟನನ್ನಾಗಿ ಮಾಡಿದ್ದೇ 'ಕಾವಲು'. ಜೋಳದ ಕಾಳಿನಷ್ಟು ಯಂತ್ರ. ಕೊರಳೆಲುಬಿನ ಕೆಳಗೆ, ಚರ್ಮದಡಿ ಕೂತು ಗಂಟೆಗೊಮ್ಮೆ ರಕ್ತ ಸೋಸಿ ನೋಡುತ್ತದೆ. ಮುಂಗೈ ಮೇಲೊಂದು ಬ್ಯಾಂಡು. ಹಸಿರು ಇದ್ದರೆ ನೆಮ್ಮದಿಯಾಗಿ ತಿರುಗಾಡಿ. ಕೆಂಪಾದರೆ ಹನ್ನೆರಡು ಗಂಟೆಯೊಳಗೆ ಹತ್ತಿರದ ದವಾಖಾನೆ ಸೇರಿ, ಸಲೈನಿನಲ್ಲಿ ಔಷಧ ಏರಿಸುತ್ತಾರೆ, ಬೆಂಕಿ ಹತ್ತುವ ಮೊದಲೇ ಆರುತ್ತದೆ. ಆ ಔಷಧ ಇಡೀ ಮೈಯ ಕಾವಲನ್ನೇ ಮಲಗಿಸುವಂಥದ್ದು. ಹಿಂದೆ ಅಂದಾಜಿನ ಮೇಲೆ ಕೊಟ್ಟು, ಸಾದಾ ಕೆಮ್ಮು ಬಂದವರೂ ಸತ್ತದ್ದುಂಟು. ಆದ್ದರಿಂದ ಔಷಧದ ಕಪಾಟಿಗೇ ಬೀಗದ ಬುದ್ಧಿ ಇಟ್ಟಿದ್ದರು: ಕೆಂಪು ಬ್ಯಾಂಡ್ ತೋರಿಸಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಕೇಂದ್ರದ ನಿಯಂತ್ರಣ ಕೋಣೆಯ ಗೋಡೆಯ ಮೇಲೆ ರಾಜ್ಯದ ನಕ್ಷೆ, ಅದರ ತುಂಬ ನಲವತ್ತು ಸಾವಿರ ಹಸಿರು ಚುಕ್ಕೆ. ಒಂದೊಂದು ಚುಕ್ಕೆಯೂ ಒಂದೊಂದು ಜೀವ.

ಆದರೆ ಅಕ್ಕಿಯಲ್ಲಿ ಕಲ್ಲು ಆರಿಸಬೇಕಾದರೆ ಮೊದಲು ಅಕ್ಕಿ ಹೇಗಿರುತ್ತದೆ ಅಂತ ಗೊತ್ತಿರಬೇಕಲ್ಲ? ಆರೋಗ್ಯವಂತರ ರಕ್ತದಲ್ಲಿ ಏನೇನು ಇರುತ್ತದೋ ಅದನ್ನೆಲ್ಲ 'ಇದು ಅಕ್ಕಿ' ಅಂತ ಬದಿಗಿಟ್ಟು, ಉಳಿದದ್ದನ್ನು ಮಾತ್ರ ಕಾವಲು ಅನುಮಾನದಿಂದ ನೋಡುತ್ತಿತ್ತು. ಕೇಂದ್ರದಲ್ಲಿದ್ದ ತಾಯಿಯಂತ್ರಕ್ಕೆ ಆ ಅಕ್ಕಿಯನ್ನು ವರ್ಷಕ್ಕೊಮ್ಮೆ ಹೊಸದಾಗಿ ತೋರಿಸಬೇಕು, ಅದು ಕಲಿತದ್ದೇ ಎಲ್ಲ ಕಾವಲುಗಳಿಗೂ ಹೋಗುತ್ತಿತ್ತು. ಹತ್ತು ಮಂದಿ ಆರೋಗ್ಯವಂತರ ರಕ್ತ, ಹತ್ತು ಟ್ಯೂಬು, ನಿಯಮದ ಪುಸ್ತಕದಲ್ಲಿ ದಪ್ಪಕ್ಷರದಲ್ಲಿತ್ತು. ಯಾವ ಪುಣ್ಯಾತ್ಮ ಶುರು ಮಾಡಿದನೋ, ಲ್ಯಾಬಿನಲ್ಲಿ ಈ ಕೆಲಸ ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನವೇ ನಡೆಯುತ್ತಿತ್ತು. ಮೈಕ್ರೋಸ್ಕೋಪಿಗೆ ಚೆಂಡುಹೂ, ಫ್ರಿಜ್ಜಿಗೆ ಕುಂಕುಮ, ಆಮೇಲೆ ರಕ್ತ.

ಆದರೆ ಖಂಡೇನವಮಿ ಅಂದರೆ ನವರಾತ್ರಿಯ ಒಂಬತ್ತನೇ ದಿನ. ಲ್ಯಾಬಿನ ಅರ್ಧ ಮಂದಿ ಉಪವಾಸ, ಉಪವಾಸದವರ ರಕ್ತ ನಡೆಯುವುದಿಲ್ಲ. ಉಳಿದವರಲ್ಲಿ ಒಬ್ಬನಿಗೆ ಸಕ್ಕರೆ, ಒಬ್ಬಳಿಗೆ ಥೈರಾಯ್ಡ್, ಇಬ್ಬರಿಗೆ ಸೂಜಿ ಕಂಡರೆ ಬೆವರು. ಆಮ್ಲಪಿತ್ತದ ದೆಸೆಯಿಂದ ಉಪವಾಸದ ಗೋಜಿಗೆ ಹೋಗದ, ಒಂದು ದಿನವೂ ರಜೆ ಹಾಕದ ವತ್ಸಲಾ ತೋಳು ಮುಂದೆ ಮಾಡಿ ಕೂತಿರುತ್ತಿದ್ದಳು. "ಬಾಯಾರ, ಇನ್ನೊಂದು ಟ್ಯೂಬು ನಿಮ್ಮದ ಹಾಕ್ರಿ. ನೀವಂದ್ರ ನಾರ್ಮಲ್" ಅಂತ ಒಬ್ಬರು ಅಂದರು. ಒಂದು ಮೂರಾಯಿತು, ಮೂರು ಆರಾಯಿತು. ಈಚಿನ ಮೂರು ವರ್ಷ ಹತ್ತೂ ಟ್ಯೂಬು ಅವಳದ್ದೇ. ಹತ್ತು ಮಂದಿಯ ಹೆಸರಿನ ಚೀಟಿಯನ್ನು ಅವಳೇ ಬರೆದು, ಅವಳೇ ಅಂಟಿಸುತ್ತಿದ್ದಳು. ತಪ್ಪು ಅನ್ನಿಸಿರಲಿಲ್ಲವೇ? ಇಲ್ಲ. ಖರೆ ಹೇಳಬೇಕೆಂದರೆ ಹೆಮ್ಮೆ ಅನ್ನಿಸಿತ್ತು.

ಹೀಗಿರುವಾಗ ಒಂದು ಸೋಮವಾರ, ಖಂಡೇನವಮಿಗೆ ಇನ್ನು ಹನ್ನೊಂದು ದಿನ ಇದ್ದಾಗ, ಕಸ್ತೂರಿ ಗಾಣಿಗೇರ ಬಂದಳು. ಮೂವತ್ತನಾಲ್ಕರ ಬಸ್ ಕಂಡಕ್ಟರ್. ಕೊರಳಲ್ಲಿ ಸೀಟಿ, ಬಾಯಲ್ಲಿ ಬೆಂಕಿ. ಎರಡು ವರ್ಷದ ಹಿಂದೆ ಕಾಲು ಬಿದ್ದುಹೋಗಿ, ಔಷಧ ಹಿಡಿದು, ಮತ್ತೆ ಎದ್ದು ನಿಂತವಳು. ಅಂದಿನಿಂದ ಕಾವಲು ಅವಳ ಕೊರಳೆಲುಬಿನಡಿ ಇತ್ತು.

"ಡಾಕ್ಟರ್ ಸಾಹೇಬ್ರ, ನನ್ನ ಕೆಂಪು ಹೋಗೇತ್ರಿ" ಅಂದಳು.

ಡಾಕ್ಟರ್ ಅನ್ವರ್ ನದಾಫ ಕೇಂದ್ರದ ಮುಖ್ಯಸ್ಥರಾಗಿ ಬಂದು ಎರಡು ವರ್ಷವಾಗಿತ್ತು. ಒಳ್ಳೆಯ ಮನುಷ್ಯ, ಆದರೆ ಯಾವಾಗಲೂ ಇನ್ನೊಂದು ಮೀಟಿಂಗಿಗೆ ತಡವಾದವರಂತೆ ಇರುತ್ತಿದ್ದರು. "ಯಾವ ಕೆಂಪವಾ?"

"ಬಲಗಣ್ಣಿಲೆ ನೋಡಿದ್ರ ಸಿಗ್ನಲ್ಲಿನ ಕೆಂಪು ಕೆಂಪ ಇರತೈತಿ. ಎಡಗಣ್ಣಿಲೆ ನೋಡಿದ್ರ ಅದನ್ನ ಯಾರೋ ಹತ್ತು ಸಲ ಒಗದು ಒಣಗಹಾಕಿದಂಗ ಕಾಣತೈತಿ. ನಮ್ಮ ಡ್ರೈವರಗ ಹೇಳಿದ್ರ, ಸಿಗ್ನಲ್ ನೋಡೂದು ನನ್ನ ಕೆಲಸ, ನೀ ಟಿಕೀಟ್ ಹರಿ ಅಂತಾನ."

ನದಾಫ ಅವಳ ಮುಂಗೈ ಹಿಡಿದು ನೋಡಿದರು. ಹಸಿರು. ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು, ಅಲ್ಲೂ ಏನೂ ಕಾಣಲಿಲ್ಲ. ಈ ರೋಗ ಕಣ್ಣಿನ ಹಿಂದಿನ ನರಕ್ಕೆ ಬಿದ್ದರೆ ಮೊದಮೊದಲು ರೋಗಿಗೂ ಏನೂ ಕಾಣುವುದಿಲ್ಲ, ಡಾಕ್ಟರಿಗೂ ಏನೂ ಕಾಣುವುದಿಲ್ಲ ಅಂತ ಹಳಬರು ಹೇಳುತ್ತಿದ್ದರು. ಬ್ಯಾಂಡ್ ಬಂದ ಮೇಲೆ ಹಳಬರ ಮಾತು ಯಾರಿಗೆ ಬೇಕು?

"ಹಸಿರು ಐತಲ್ಲವಾ. ನಿದ್ದಿ ಕಡಿಮಿ ಆಗಿರಬೇಕು. ಬ್ಯಾಂಡ್ ಸುಳ್ಳು ಹೇಳೂದಿಲ್ಲ."

"ಹಂಗಾರ ನಾ ಸುಳ್ಳು ಹೇಳ್ತೀನೇನ್ರಿ?"

ನದಾಫರು ಗಡಿಯಾರ ನೋಡಿದರು. ಕಸ್ತೂರಿ ಧಡಕ್ಕನೆ ಎದ್ದು ಹೊರಗೆ ಬಂದವಳು, ವರಾಂಡದಲ್ಲಿ ಟ್ರೇ ಹಿಡಿದು ನಿಂತಿದ್ದ ವತ್ಸಲಾಳನ್ನು ಹಿಡಿದುಕೊಂಡಳು.

"ಅಕ್ಕಾರ, ಮೂರು ತಿಂಗಳ ಹಿಂದ ನಿಮ್ಮ ಮುಂದ ಹೇಳಿದ್ನಿಲ್ರಿ? ಬಿಸಿನೀರು ಹೊಯ್ಕೊಂಡ್ರ ಕಣ್ಣ ಮುಂದ ಮಬ್ಬ ಬರತೈತಿ, ಕುತಗಿ ಬಗ್ಗಿಸಿದ್ರ ಬೆನ್ನಾಗ ಕರೆಂಟ್ ಹರದಂಗ ಆಗತೈತಿ ಅಂತ. ನೀವೇನಂದ್ರಿ?"

ವತ್ಸಲಾಳಿಗೆ ನೆನಪಿತ್ತು. ಹೆದರಿದ ರೋಗಿಗಳು ರಕ್ತ ಕೊಡುವಾಗ ಹೀಗೆ ಒಂದೊಂದು ಹೇಳಿಕೊಳ್ಳುತ್ತಿದ್ದರು. ಅವರ ತೋಳಿಗೆ ಹತ್ತಿ ಒತ್ತುತ್ತ ಅವಳು ಎಲ್ಲರಿಗೂ ಒಂದೇ ಸಮಾಧಾನ ಹೇಳುತ್ತಿದ್ದಳು. ಹೇಳಿ ಹೇಳಿ ಅದು ಬಾಯಿಪಾಠವಾಗಿತ್ತು.

"ನನಗೂ ಹಂಗ ಆಗ್ತದ ತಂಗಿ, ಏನಿಲ್ಲ ಅಂದಿದ್ದೆ."

"ಹಾಂ. ನಿಮ್ಮ ಮಾತ ನಂಬಿ ಸುಮ್ಮನ ಹೋದೆ. ಈಗ ಯಾರ್ನ ನಂಬಬೇಕ್ರಿ?"

ವತ್ಸಲಾ ಟ್ರೇ ಕೆಳಗಿಟ್ಟಳು. ಕಸ್ತೂರಿಯನ್ನು ಒಳಗೆ ಕರೆದು, ಯಾರನ್ನೂ ಕೇಳದೆ ಒಂದು ಟ್ಯೂಬು ರಕ್ತ ತೆಗೆದಳು.

ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಎರಡನೇ ತಂಬಿಗೆ ಬಿಸಿನೀರು ಹೊಯ್ದುಕೊಂಡಾಗ ಎಂದಿನಂತೆ ಕಣ್ಣ ಮುಂದೆ ಮಬ್ಬು ಕವಿಯಿತು. ಒಂದೂವರೆ ವರ್ಷದಿಂದ ಇದು ಇದ್ದದ್ದೇ, ಐದು ನಿಮಿಷಕ್ಕೆ ತಾನೇ ಹೋಗುತ್ತಿತ್ತು. ವಯಸ್ಸು, ಹಬೆ, ಬಿಪಿ ಅಂತ ಅದಕ್ಕೆ ಹತ್ತು ಹೆಸರು ಇಟ್ಟಿದ್ದಳು. ಕುತ್ತಿಗೆ ಬಗ್ಗಿಸಿದಾಗ ಬೆನ್ನಲ್ಲಿ ಹರಿಯುವ ಕರೆಂಟಿಗೆ ಮೈಕ್ರೋಸ್ಕೋಪು ಕಾರಣ ಅಂದುಕೊಂಡಿದ್ದಳು. ಇಪ್ಪತ್ತಾರು ವರ್ಷ ಬಗ್ಗಿದ ಕುತ್ತಿಗೆ, ಇಷ್ಟಾದರೂ ನೋಯಬೇಡವೇ? ಇವತ್ತು ಮಾತ್ರ ಅವಳಿಗೆ ತಂಬಿಗೆ ಕೆಳಗಿಡಲೂ ಆಗಲಿಲ್ಲ. ಗೂಡಿನಲ್ಲಿದ್ದ ಕೆಂಪು ಸಾಬೂನು ಡಬ್ಬಿಯನ್ನು ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಕಣ್ಣು ಮುಚ್ಚಿ ನೋಡಿದಳು. ಎರಡಕ್ಕೂ ಒಂದೇ ಕಂಡಿತು. ಅಥವಾ ಒಂದೇ ಕಂಡಿತು ಅಂತ ಅಂದುಕೊಂಡಳು.

"ಬಚ್ಚಲದಾಗ ಮನಿ ಮಾಡೀಯೇನು?" ಅಂತ ಹೊರಗಿನಿಂದ ಪ್ರಭಾಕರ ಕೂಗಿದ. ಗಂಡ, ನಿವೃತ್ತ ಪಿ.ಟಿ. ಮಾಸ್ತರ. ಧ್ವನಿಯಲ್ಲಿ ಇನ್ನೂ ಆಟದ ಬಯಲಿತ್ತು. "ನಾರ್ಮಲ್ ಮಂದಿ ಹತ್ತು ನಿಮಿಷದಾಗ ಹೊರಗ ಬರ್ತಾರ!"

ದಿನಾ ನಗುತ್ತಿದ್ದ ಮಾತು. ಇವತ್ತು ಅವಳಿಗೆ ಸಿಟ್ಟು ಬಂತು. ಅವಲಕ್ಕಿಗೆ ಉಪ್ಪು ಎರಡು ಸಲ ಹಾಕಿದಳು, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಅಂತ ಗೇಟಿನಿಂದ ಎರಡು ಸಲ ಹಿಂದೆ ಬಂದಳು.

ಲ್ಯಾಬಿನಲ್ಲಿ ಅವಳು ಹಳೆಯ ಫ್ರಿಜ್ಜು ತೆರೆದಳು. ಕಾವಲು ಬರುವ ಮೊದಲು ಈ ರೋಗವನ್ನು ಹಿಡಿಯುತ್ತಿದ್ದದ್ದು ಕೈಕೆಲಸದಿಂದ. ಇಲಿಯ ಮಿದುಳನ್ನು ಹಪ್ಪಳಕ್ಕಿಂತ ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಅಂಟಿಸಬೇಕು. ಅದರ ಮೇಲೆ ರೋಗಿಯ ರಕ್ತದ ತಿಳಿ ಹನಿಸಬೇಕು. ರಕ್ತದಲ್ಲಿ ನರವನ್ನು ಕಚ್ಚುವ ಅಂಶವಿದ್ದರೆ ಅದು ಗಾಜಿನ ಮೇಲಿನ ಮಿದುಳನ್ನೂ ಕಚ್ಚಿ ಕೂಡುತ್ತದೆ. ಹೊಳೆಯುವ ಬಣ್ಣ ಹಾಕಿ ಕತ್ತಲಲ್ಲಿ ನೋಡಿದರೆ ಕಚ್ಚಿದ ಜಾಗವೆಲ್ಲ ಹಸಿರಾಗಿ ಬೆಳಗುತ್ತದೆ. ಜೊತೆಗೆ ಆರೋಗ್ಯವಂತರ ರಕ್ತದ ಒಂದು ಸ್ಲೈಡು ಇಡಲೇಬೇಕು. ಅದು ಕಪ್ಪಾಗಿದ್ದರೆ ಪರೀಕ್ಷೆ ಸರಿ. ವತ್ಸಲಾ ಯೋಚಿಸದೆ ತನ್ನದೇ ರಕ್ತ ತೆಗೆದು ಆ ಸ್ಲೈಡಿನ ಮೇಲೆ ಹನಿಸಿದಳು. ಕೈಗೆ ರೂಢಿಯಾಗಿತ್ತಲ್ಲ.

ಮಧ್ಯಾಹ್ನ ಕತ್ತಲಕೋಣೆಯಲ್ಲಿ ಕೂತು ಕಸ್ತೂರಿಯ ಸ್ಲೈಡನ್ನು ನೋಡಿದಳು. ರಕ್ತನಾಳಗಳ ಗುಂಟ ಸಣ್ಣ ಸಣ್ಣ ಹಸಿರು ಎಳೆ, ಹೊಳೆಯುತ್ತಿದ್ದವು. ಅಯ್ಯೋ, ಈ ಹುಡುಗಿ ಖರೆ ಹೇಳಿದ್ದಳು! ಬ್ಯಾಂಡ್ ಸುಳ್ಳು ಹೇಳುತ್ತಿದೆ. ಯಾಕೆ ಅಂತ ಯೋಚಿಸುತ್ತಲೇ ತನ್ನ ಸ್ಲೈಡನ್ನು ಇಟ್ಟಳು.

ಅದೂ ಹೊಳೆಯುತ್ತಿತ್ತು. ಅವೇ ಎಳೆ, ಅದೇ ಹಸಿರು, ಸ್ವಲ್ಪ ಮಂಕು ಅಷ್ಟೆ.

"ಥೂ, ಅದಲಿಬದಲಿ ಮಾಡಿಟ್ಟೆ" ಅಂತ ತನ್ನನ್ನೇ ಬೈದುಕೊಂಡಳು. ಬುಧವಾರ ಮತ್ತೆ ಮಾಡಿದಳು. ಮತ್ತೆ ಹೊಳೆಯಿತು. ಬಣ್ಣ ಹಳೆಯದಾಗಿದೆ ಅಂದುಕೊಂಡು ಹೊಸ ಬಾಟಲಿ ಒಡೆದಳು. ಮತ್ತೆ ಹೊಳೆಯಿತು. ಎಲ್ಲದಕ್ಕೂ ಹೊಳೆಯುವ ಇಲಿಯೇ ಇರಬೇಕು ಅಂತ ಇಲಿಯ ಮೇಲೂ ಹಾಕಿದಳು. ಕೊನೆಗೆ ಉಳಿದದ್ದು ಒಂದೇ ದಾರಿ, ಇನ್ನೊಬ್ಬ ಆರೋಗ್ಯವಂತನ ರಕ್ತ.

ಗುರುವಾರ ಘಟಸ್ಥಾಪನೆ. ದೇವರ ಮುಂದೆ ದೀಪ ಹಚ್ಚಿದವಳೇ ಸೂಜಿ, ಟ್ಯೂಬು ಹಿಡಿದು ಅಡಿಗೆಮನೆಯ ಮೇಜಿಗೆ ಬಂದಳು. ಆರಡಿ ಎತ್ತರದ ಪ್ರಭಾಕರ ಕುರ್ಚಿ ಹಿಂದಕ್ಕೆ ಸರಿಸಿದ.

"ದೀಪ ಹಚ್ಚಿದಿ, ಕುಂಕುಮ ಹಚ್ಚಿದಿ, ಈಗ ನನ್ನ ರಕ್ತ ಬೇಕಂತೀದಿ. ಇದೇನು ಪೂಜಾನೋ ಬಲಿನೋ?"

"ಸುಮ್ಮನ ಕೈ ಕೊಡ್ರಿ."

"ಹತ್ತು ವರ್ಷದ ಹುಡುಗ್ರಿಗೆ ಹೈಜಂಪ್ ಕಲಿಸೀನಿ, ಆದ್ರ ಸೂಜಿ ಮಾತ್ರ..." ಅನ್ನುತ್ತ ಮುಖ ನೋಡಿದ. ಅವಳು ಸೂಜಿಯ ಮುಚ್ಚಳ ತೆಗೆಯುವುದನ್ನೇ ಮರೆತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಲಕ್ಷ ತೋಳಿಗೆ ಚುಚ್ಚಿದ ಕೈ. ಪ್ರಭಾಕರ ಕಣ್ಣು ಗಟ್ಟಿಯಾಗಿ ಮುಚ್ಚಿ, ತೋಳು ಚಾಚಿದ.

ಅವನ ಸ್ಲೈಡು ಅಮಾವಾಸ್ಯೆಯಷ್ಟು ಕಪ್ಪಾಗಿತ್ತು.

ವತ್ಸಲಾ ಕತ್ತಲಕೋಣೆಯ ಸ್ಟೂಲಿನ ಮೇಲೆ ಕೂತೇ ಇದ್ದಳು. ತನಗೆ ರೋಗವಿದೆ ಅನ್ನುವುದು ಮೊದಲು ತಲೆಗೆ ಹೋಗಲೇ ಇಲ್ಲ, ಹೋದದ್ದು ಹತ್ತು ಟ್ಯೂಬು. ಕೆಲವರಲ್ಲಿ ಈ ರೋಗ ಬೂದಿ ಮುಚ್ಚಿದ ಕೆಂಡದ ಹಾಗೆ ವರ್ಷಗಟ್ಟಲೆ ಇರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಆ ಕೆಂಡವನ್ನು ಹೋದ ಖಂಡೇನವಮಿಗೆ ಹತ್ತು ಹೆಸರಿನಲ್ಲಿ ಯಂತ್ರಕ್ಕೆ ತೋರಿಸಿ 'ಇದು ಅಕ್ಕಿ' ಅಂದವಳು ಅವಳೇ. ಒಬ್ಬೊಬ್ಬರ ಟ್ಯೂಬು ಬೇರೆ ಬೇರೆ ಇದ್ದಿದ್ದರೆ ಒಂಬತ್ತು ಒಂದನ್ನು ಸುಳ್ಳು ಅನ್ನುತ್ತಿದ್ದವು. ಹತ್ತೂ ಒಂದೇ ಮಾತು ಹೇಳಿದ ಮೇಲೆ ಯಂತ್ರ ಪಾಪ ಏನು ಮಾಡೀತು? ಒಂದು ವರ್ಷದಿಂದ ಆ ವಿಷವನ್ನು ಕಂಡಾಗಲೆಲ್ಲ ಅದು ಸಭ್ಯವಾಗಿ ಪಕ್ಕಕ್ಕಿಟ್ಟು ಹಸಿರು ದೀಪ ತೋರಿಸುತ್ತಿತ್ತು. 'ನನಗೂ ಹಂಗ ಆಗ್ತದ, ಏನಿಲ್ಲ' ಅಂತ ನಲವತ್ತು ಸಾವಿರ ಮುಂಗೈಗಳ ಮೇಲೆ ಅವಳೇ ಕೂತು ಹೇಳಿದ ಹಾಗಾಗಿತ್ತು.

ಅವಳಿಗೆ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಎದ್ದು ಸ್ಲೈಡು ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ನಿಯಂತ್ರಣ ಕೋಣೆಯ ಬಾಗಿಲವರೆಗೆ ಹೋಗಿ ಗೋಡೆಯ ಮೇಲಿನ ಹಸಿರು ನೋಡಿ ಹಿಂದೆ ಬಂದಳು. ಮೂರು ಸಲ ಹಾಗೆ ಮಾಡಿದಳು. ನಾಲ್ಕನೇ ಸಲ ಹೊರಟಾಗ ಮನಸ್ಸು ಮೆಲ್ಲನೆ ಒಂದು ಉಪಾಯ ಹೇಳಿತು. ಖಂಡೇನವಮಿಗೆ ಇನ್ನು ಎಂಟೇ ದಿನ. ಅವತ್ತು ಖರೆ ಹತ್ತು ಮಂದಿಯನ್ನು ಹಿಡಿದು ತಂದರಾಯಿತು. ಯಂತ್ರ ತಾನೇ ಸರಿಯಾಗುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ. ನಾರ್ಮಲ್ ಬಾಯಾರು ನಾರ್ಮಲ್ ಆಗಿಯೇ ಮನೆಗೆ ಹೋಗಬಹುದು. ಹೌದು, ಇದೇ ಸರಿ ಅಂದುಕೊಂಡಳು. ಅಂದುಕೊಂಡ ಮೇಲೂ ಊಟ ಸೇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನು ಬಂತು. ಕಸ್ತೂರಿಯದ್ದು.

"ಅಕ್ಕಾರ, ಡಿಪೋದಾಗ ಬಸ್ಸಿನ ಪಾವಟಿಗಿ ತಪ್ಪಿ ಬಿದ್ದೆ. ಎಡಗಣ್ಣಿಗೆ ಪಾವಟಿಗಿ ಕಾಣಲೇ ಇಲ್ಲ. ನಡೂಕ ಒಂದು ಕರಿ ಕಲೆ ಕೂತೇತ್ರಿ. ಬ್ಯಾಂಡ್ ನೋಡಿದೆ, ಹಸಿರ ಐತಿ. ಹಸಿರು ಐತಿ ಅಂದ್ರ ನನ್ನ ಕಣ್ಣು ಛಲೋ ಐತೇನ್ರಿ? ನೀವ ಹೇಳ್ರಿ, ಹೂಂ ಅಂದ್ರ ಡ್ಯೂಟಿಗೆ ಹೋಗ್ತೀನಿ."

"ಅಲ್ಲೇ ಕೂತಿರು. ಬರ್ತೀನಿ" ಅಂದ ವತ್ಸಲಾ ನೇರ ನದಾಫರ ಕೋಣೆಗೆ ನುಗ್ಗಿದಳು. ಬಾಗಿಲು ತಟ್ಟಲೂ ಇಲ್ಲ.

"ಸರ್, ಹೋದ ವರ್ಷದ ಹತ್ತೂ ಟ್ಯೂಬು ನನ್ನವ. ಮತ್ತ ನಾ ನಾರ್ಮಲ್ ಅಲ್ಲ."

ಮೂರು ಸ್ಲೈಡು ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ನದಾಫರು ಮೊದಲು ನಂಬಲಿಲ್ಲ, ಆಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡಿದರು, ಆಮೇಲೆ ಕುರ್ಚಿಗೆ ಕುಸಿದರು.

"ಹತ್ತು ಹೆಸರಿನ ಕೆಳಗ ಸಹಿ ಮಾಡಿದಾಂವ ನಾನು ಬಾಯಾರ. ನೋಡದ ಮಾಡೀನಿ." ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದರು. "ಏಳು ದಿನ ಅಷ್ಟ. ಖಂಡೇನವಮಿಗೆ ಹತ್ತು ಮಂದಿ ಖರೆ ಮಂದಿನ್ನ ತರೂಣು. ಇದು ಹೊರಗ ಬಿತ್ತಂದ್ರ ನಲವತ್ತು ಸಾವಿರ ಮಂದಿ ಬ್ಯಾಂಡ್ ಕಿತ್ತು ಒಗೀತಾರ. ವಿಚಾರ ಮಾಡ್ರಿ."

"ನಿನ್ನೆ ದಿನಪೂರ್ತಿ ಅದನ್ನ ವಿಚಾರ ಮಾಡೀನಿ ಸರ್. ನನಗ ಬಾಳ ಶಾಣ್ಯಾತನದ ಮಾತು ಅನ್ನಿಸಿತ್ತು. ಈಗ ನಿಮ್ಮ ಬಾಯಾಗ ಕೇಳಿದ ಮ್ಯಾಲೆ ಎಷ್ಟು ಹೊಲಸು ಅದ ಅಂತ ತಿಳೀತು. ಏಳು ದಿನದಾಗ ಆಕಿ ಕಣ್ಣು ಉಳಿಯೂದಿಲ್ಲ. ಆಕಿ ಒಬ್ಬಾಕಿ ಅಂತ ಹೆಂಗ ಹೇಳ್ತೀರಿ? 'ಇತರೆ ಕಾರಣ' ಅಂತ ನಾವು ಬರದಿಟ್ಟೀವಲ್ಲ, ಹಸಿರು ಇದ್ದಾಗ ಕಣ್ಣು ಕಾಲು ಹೋದವರ ಪಟ್ಟಿ, ಅದನ್ನ ತಗದು ನೋಡ್ರಿ."

ನದಾಫರು ಪಟ್ಟಿ ತೆಗೆಯಲಿಲ್ಲ. ಅದರಲ್ಲಿ ಎಷ್ಟು ಹೆಸರಿದೆ ಅಂತ ಅವರಿಗೆ ನೆನಪಿತ್ತು ಅಂತ ತೋರುತ್ತದೆ. ಎದ್ದು ಕಿಟಕಿ ತೆರೆದರು.

"ಹತ್ತು ಮಂದಿ ಇವತ್ತ ಎಲ್ಲಿಂದ ತರ್ತೀರಿ? ಇಡೀ ಲ್ಯಾಬ್ ನಿನ್ನಿಯಿಂದ ಉಪವಾಸ ಐತಿ."

"ಬಸ್ ಓಡಿಸೋರು ಉಪವಾಸ ಮಾಡೂದಿಲ್ಲ ಸರ್" ಅಂದಳು ವತ್ಸಲಾ.

ಡಿಪೋದ ಬೇವಿನ ಮರದ ಕೆಳಗೆ ಕಸ್ತೂರಿ ಎಡಗಣ್ಣಿಗೆ ಅಂಗೈ ಮುಚ್ಚಿಕೊಂಡು ಕೂತಿದ್ದಳು. ಮೊಣಕಾಲು ತರಚಿತ್ತು. ವತ್ಸಲಾ ಅವಳ ಪಕ್ಕದಲ್ಲಿ ಕೂಡಲಿಲ್ಲ. ಎದುರಿಗೆ ನಿಂತು, ತಾನು ಮಾಡಿದ್ದನ್ನು ಹೇಳಿದಳು. ಚೀಟಿ ಅಂಟಿಸಿದ್ದು, ಹೆಮ್ಮೆಪಟ್ಟದ್ದು, ನಿನ್ನೆ ಒಂದು ದಿನ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡದ್ದು ಎಲ್ಲ.

ಕಸ್ತೂರಿ ಎದ್ದು ನಿಂತಳು. ಹೊಡೆಯುತ್ತಾಳೆ ಅಂತ ವತ್ಸಲಾ ಅಂದುಕೊಂಡಳು, ಹೊಡೆದರೆ ಛಲೋ ಅಂತಲೂ ಅನ್ನಿಸಿತು.

"ನಿನ್ನಿನ ಗೊತ್ತಿತ್ತು?"

"ಗೊತ್ತಿತ್ತು."

"ನಿನ್ನೆ ನನಗ ಈ ಕಣ್ಣಿಲೆ ನನ್ನ ಮಗಳ ಮುಖ ಕಾಣ್ತಿತ್ತು ಅಕ್ಕಾ." ಮೂಗು ಒರೆಸಿಕೊಂಡಳು. "ನನ್ನ ಕಣ್ಣು ತಿಂದಿ ನೀನು. ಬೈಯೂದು ಬಾಳ ಐತಿ. ಆಮ್ಯಾಲೆ ಬೈತೀನಿ. ಈಗ ಏನ ಬೇಕು ಹೇಳು."

"ಹತ್ತು ಮಂದಿ ಬೇಕು. ಇನ್ನೂ ನಾಕು ಹೆಚ್ಚಿದ್ರ ಛಲೋ. ಬ್ಯಾರೆ ಬ್ಯಾರೆ ಮಂದಿ."

ಕಸ್ತೂರಿ ಕೊರಳಿನ ಸೀಟಿ ಬಾಯಿಗಿಟ್ಟು ಡಿಪೋ ಬೆಚ್ಚಿಬೀಳುವ ಹಾಗೆ ಊದಿದಳು. ಚಹಾ ಕುಡಿಯುತ್ತಿದ್ದವರು, ಟೈರು ಬಡಿಯುತ್ತಿದ್ದವರು, ಬಸ್ಸಿನಡಿ ಮಲಗಿ ನಟ್ಟು ತಿರುಗಿಸುತ್ತಿದ್ದವನು ಕೂಡ ಎದ್ದು ಬಂದರು. "ಯಾರಿಗೆ ಸಕ್ಕರಿ ಇಲ್ಲ, ಬಿಪಿ ಇಲ್ಲ, ಜ್ವರ ಇಲ್ಲ, ಅವರು ಇತ್ತಾಗ ಬರ್ರಿ! ಬ್ಯಾಗ್ ಕೆಳಗಿಡ್ರಿ, ಲೈನ್ ಹಚ್ಚರಿ, ಒಳಗ ಸರೀರಿ, ಜಾಗಾ ಐತಿ, ಇನ್ನೂ ಒಳಗ ಸರೀರಿ!" ಅಂತ ಕೂಗಿದಳು. ಒಂದು ಕಣ್ಣು ಮುಚ್ಚಿಕೊಂಡೇ ಕೂಗಿದಳು. ಸಿಗ್ನಲ್ ನೋಡೂದು ನನ್ನ ಕೆಲಸ ಅಂದಿದ್ದ ಅವಳ ಡ್ರೈವರ್ ಸಾಲಿನಲ್ಲಿ ಮೊದಲಿಗನಾಗಿ ಅಂಗಿಯ ತೋಳು ಮಡಚಿದ.

ಹದಿನಾಲ್ಕು ಮಂದಿಯ ಹದಿನಾಲ್ಕು ಟ್ಯೂಬು. ಈ ಸಲ ಒಂದೊಂದು ಚೀಟಿಯನ್ನೂ ರಕ್ತ ಕೊಟ್ಟವನೇ ತನ್ನ ಕೈಯಾರೆ ಬರೆದ. ಒಂದೊಂದನ್ನೂ ವತ್ಸಲಾ ಇಲಿಯ ಮಿದುಳಿನ ಮೇಲೆ ಹನಿಸಿ, ನದಾಫರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡಿದಳು. ನಾಲ್ಕು ಸಂಶಯ ಬಂದವು, ಬಿಟ್ಟರು. ಹತ್ತು ಯಂತ್ರಕ್ಕೆ ಹೋದವು. ಯಂತ್ರ ಹಳೆಯ ಅಕ್ಕಿಯನ್ನು ಮರೆತು ಹೊಸದನ್ನು ಕಲಿಯಲು ಮರುದಿನ ಮಧ್ಯಾಹ್ನದವರೆಗೆ ಹೊತ್ತು ಕೇಳಿತು. ಆ ಹೊತ್ತು ಹೇಗೆ ಕಳೆಯಿತು ಅಂತ ಕೇಳಬೇಡಿ. ಕಸ್ತೂರಿ ದವಾಖಾನೆಯ ಬೆಂಚಿನ ಮೇಲೆ, ಬೀಗ ಹಾಕಿದ ಔಷಧದ ಕಪಾಟಿನ ಎದುರಿಗೆ ಕೂತಿದ್ದಳು. ಪ್ರತಿ ಗಂಟೆಗೊಮ್ಮೆ ಗೋಡೆಯ ಕ್ಯಾಲೆಂಡರಿನ ಕೆಂಪು ಅಂಕಿಗಳನ್ನು ಎಡಗಣ್ಣಿನಿಂದ ನೋಡಿ, "ಇಲ್ಲ" ಅನ್ನುತ್ತಿದ್ದಳು.

ಶನಿವಾರ ಹನ್ನೆರಡೂ ಹತ್ತಕ್ಕೆ ನಿಯಂತ್ರಣ ಕೋಣೆಯಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿತು. ಗೋಡೆಯ ಮೇಲೆ ಧಾರವಾಡದಲ್ಲಿ ಒಂದು ಚುಕ್ಕೆ ಕೆಂಪಾಯಿತು. ಕಸ್ತೂರಿ. ವತ್ಸಲಾ ಉಸಿರು ಬಿಡುವಷ್ಟರಲ್ಲಿ ಗದಗಿನಲ್ಲಿ ಎರಡು. ರಾಯಚೂರು. ಕೊಪ್ಪಳದಲ್ಲಿ ಒಂದರ ಪಕ್ಕ ಒಂದು. ಚಾಮರಾಜನಗರ, ಕೋಲಾರ, ಬೀದರ. ಗಂಟೆಗಳು ಒಂದರ ಮೇಲೊಂದು ಬಿದ್ದು ಕೊನೆಗೆ ಒಂದೇ ಕಿರುಚಾಟವಾಯಿತು. ಇನ್ನೂರ ಹನ್ನೆರಡು. ಅಷ್ಟು ಮಂದಿ ನಿನ್ನೆಯವರೆಗೆ ಹಸಿರು ನೋಡಿ, ಏನಿಲ್ಲ ಅಂದುಕೊಂಡು ಮಲಗಿ ಎದ್ದವರು. ನದಾಫರು ಫೋನಿನ ಮೇಲೆ ಫೋನು ಹಚ್ಚುತ್ತಿದ್ದರು. "ಹೌದು, ತಪ್ಪು ನಮ್ಮದ. ಬ್ಯಾಂಡಿನದಲ್ಲ, ನಮ್ಮದು. ಇವರನ್ನ ಈಗಿಂದೀಗ ಕರಸ್ರಿ" ಅನ್ನುವುದು ಗದ್ದಲದ ನಡುವೆಯೂ ಕೇಳುತ್ತಿತ್ತು. ಬಾಗಿಲ ಹತ್ತಿರ ನಿಂತಿದ್ದ ವತ್ಸಲಾ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ತನ್ನ ಮುಂಗೈಗೂ ಒಂದು ಹೊಸ ಬ್ಯಾಂಡ್ ಕಟ್ಟಿಕೊಂಡು, ತನ್ನ ಟ್ಯೂಬನ್ನೂ ತಾನೇ ಯಂತ್ರಕ್ಕಿಟ್ಟಳು. ಇನ್ನೂರ ಹದಿಮೂರು.

ಆ ವರ್ಷದ ಖಂಡೇನವಮಿಗೆ ಲ್ಯಾಬಿನಲ್ಲಿ ಮೈಕ್ರೋಸ್ಕೋಪುಗಳಿಗೆ ಯಾರು ಹೂ ಏರಿಸಿದರೋ ವತ್ಸಲಾಳಿಗೆ ಗೊತ್ತಿಲ್ಲ. ಅಮಾನತಿನ ಪತ್ರ ಅದಕ್ಕೆ ಎರಡು ದಿನ ಮೊದಲೇ ಕೈಗೆ ಬಂದಿತ್ತು, ಇನ್ನೊಂದು ನದಾಫರಿಗೂ ಹೋಗಿತ್ತು. ಮರುದಿನ ದಸರೆಯ ಸಂಜೆ ಅವಳು ದವಾಖಾನೆಯ ಮಂಚದ ಮೇಲಿದ್ದಳು, ತೋಳಿಗೆ ಎರಡನೇ ಸಲದ ಸಲೈನು. ಪಕ್ಕದ ಮಂಚ ಕಸ್ತೂರಿಯದ್ದು. ಹಾಗೆ ಹಾಕಿದ್ದು ನರ್ಸಿನ ಅಜ್ಞಾನವೋ ದೇವರ ಕುಚೇಷ್ಟೆಯೋ ಹೇಳುವುದು ಕಷ್ಟ. ಕಸ್ತೂರಿಯ ಎಡಗಣ್ಣಿಗೆ ಈಗ ಬೆರಳು ಎಣಿಸಲು ಬರುತ್ತಿತ್ತು, ಮುಖದ ಅಂಚು ಕಾಣುತ್ತಿತ್ತು. ಕೆಂಪು ಮಾತ್ರ ಮರಳಿರಲಿಲ್ಲ. ಮರಳಬಹುದು, ಮರಳದೆಯೂ ಇರಬಹುದು ಅಂದಿದ್ದರು. ಒಂದು ವಾರದಿಂದ ಅವಳು ವತ್ಸಲಾಳ ಜೊತೆ ಒಂದು ಮಾತೂ ಆಡಿರಲಿಲ್ಲ. ಆಮ್ಯಾಲೆ ಬೈತೀನಿ ಅಂದದ್ದನ್ನೂ ಬೈದಿರಲಿಲ್ಲ, ಅದೇ ವತ್ಸಲಾಳನ್ನು ಹೆಚ್ಚು ಸುಡುತ್ತಿತ್ತು.

ಪ್ರಭಾಕರ ಬನ್ನಿ ಎಲೆಯ ಕಟ್ಟು ತಂದು ವಾರ್ಡಿನ ಎಲ್ಲರಿಗೂ ಹಂಚಿದ. ಮಂಚದಿಂದ ಮಂಚಕ್ಕೆ ಕೈ ಚಾಚಿ, "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು" ಅಂತ ರೋಗಿಗಳು ಒಬ್ಬರಿಗೊಬ್ಬರು ಎಲೆ ಕೊಟ್ಟುಕೊಂಡರು. ಕಸ್ತೂರಿ ಅತ್ತಲಿನ ಅಜ್ಜಿಗೆ ಕೊಟ್ಟಳು, ನರ್ಸಿಗೆ ಕೊಟ್ಟಳು, ಪ್ರಭಾಕರನಿಗೂ ಕೊಟ್ಟಳು. ಇತ್ತ ತಿರುಗಲಿಲ್ಲ. ವತ್ಸಲಾ ತನ್ನ ಪಾಲಿನ ಎಲೆಯನ್ನು ಅಂಗೈಯಲ್ಲಿ ಹಿಡಿದೇ ಕೂತಿದ್ದಳು. ಕೊಡಲೂ ಧೈರ್ಯವಿಲ್ಲ, ಕೆಳಗಿಡಲೂ ಮನಸ್ಸಿಲ್ಲ. ಹಾಗೇ ಎಲೆ ಬೆರಳ ಸಂದಿಯಿಂದ ಜಾರಿ ನೆಲಕ್ಕೆ ಬಿತ್ತು. ಎ​ತ್ತಿಕೊಳ್ಳಲು ಅವಳು ತಲೆ ಬಗ್ಗಿಸಿದಳು.

ಕುತ್ತಿಗೆಯಿಂದ ಹೊರಟ ಕರೆಂಟು ಬೆನ್ನುಗುಂಟ ಇಳಿದು ಕಾಲಿನ ಹೆಬ್ಬೆರಳಿಗೆ ಹೊಡೆಯಿತು. ಇಷ್ಟು ಜೋರಾಗಿ ಎಂದೂ ಬಂದಿರಲಿಲ್ಲ. ಮಂಚದ ಸರಳು ಹಿಡಿದು ಕಣ್ಣು ಮುಚ್ಚಿದಳು.

"ಏನಾತು?" ಅಂತ ಪ್ರಭಾಕರ ಗಾಬರಿಯಾದ.

"ಏನಿಲ್ಲ" ಅಂದಳು ವತ್ಸಲಾ, ಹಳೆಯ ರೂಢಿ. "ಏನಿಲ್ಲ ಬಿಡ್ರಿ."

ಪಕ್ಕದ ಮಂಚ ಕಿರುಗುಟ್ಟಿತು. ಕಸ್ತೂರಿ ಸಲೈನಿನ ನಳಿಕೆ ಹಿಡಿದುಕೊಂಡು ಇತ್ತ ತಿರುಗಿದ್ದಳು. ಮುಖದಲ್ಲಿ ಸಿಟ್ಟು ಇನ್ನೂ ಹಾಗೇ ಇತ್ತು.

"ನನಗೂ ಹಂಗ ಆಗತೈತಿ ಅಕ್ಕಾ" ಅಂದಳು. ಅಂದವಳು ಕೈ ಚಾಚಿ ನರ್ಸನ್ನು ಕರೆಯುವ ಗಂಟೆ ಒತ್ತಿದಳು. ನರ್ಸು ಓಡಿ ಬರುವವರೆಗೂ ಬೆರಳು ತೆಗೆಯಲಿಲ್ಲ.